ಮೂರನೇ ಪ್ರತಿ

ಅಲಿಯಾಗಾದ ದಂಡೆಗೆ ಹಡಗುಗಳು ಒಂದೇ ಸಲ ಬರುತ್ತವೆ,
ಮೂತಿ ಮುಂದೆ ಮಾಡಿ ಮರಳೇರಿ ಕೂರುತ್ತವೆ.
ಆಮೇಲೆ ಗ್ಯಾಸು, ಬೆಂಕಿ, ಗಂಡಸರು.

ನಾನು ಸುರಕ್ಷತೆಯವಳು.
ತಗಡಿನ ಕಂಟೇನರಿನಲ್ಲಿ ನನ್ನ ತರಗತಿ,
ಪರದೆಗೆಂದು ಮೊಳೆ ಹೊಡೆದ ಬಿಳಿ ಬೆಡ್‌ಶೀಟು
ಯಾವುದೋ ವಿಹಾರದ ಹಡಗಿನದು,
ಮೂಲೆಯಲ್ಲಿ ಇನ್ನೂ ಇದೆ ನೀಲಿ ಲಂಗರಿನ ಕಸೂತಿ.

ಕಾನೂನು ಹೇಳುವುದು ಹದಿನಾರು ಗಂಟೆ,
ಮಾಲೀಕರು ಹೇಳುವುದು ಊಟದೊಳಗೆ ಮುಗಿಸಿ.
'ಮುಚ್ಚಿದ ತೊಟ್ಟಿಗೆ ಇಳಿಯುವ ಮುಂಚೆ ಏನು ಮಾಡಬೇಕು?'
'ಬಿಸ್ಮಿಲ್ಲಾ ಅನ್ನಬೇಕು' ಹಿಂದಿನ ಬೆಂಚಿನಿಂದ ಒಬ್ಬ.
ಎಲ್ಲ ನಕ್ಕರು. ನಾನೂ.
ಅನ್ನಪ್ಪಾ, ಮೀಟರು ಇಳಿಬಿಟ್ಟು ಗಾಳಿ ಅಳೆದ ಮೇಲೆ ಅನ್ನು.
ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡ,
ಕೂಗು.
'ಕೂಗಿದರೆ ಸಾಕಾ?'
ಸಾಕು ಅಂತ ಬರೆದಿದೆ ಎಂದೆ.

ಅವನು ದುರ್ಸುನ್, ತೊಕಾತಿನ ಬೆಟ್ಟದ ಕಡೆಯವನು.
ನಮ್ಮ ನುಡಿಯಲ್ಲಿ ಆ ಹೆಸರಿಗೆ 'ಇರಲಿ ಇವನು' ಎಂದರ್ಥ.
ಮೂರು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟವಳು
ನಾಲ್ಕನೆಯದರ ಕಿವಿಯಲ್ಲಿ ಉಸುರಿದ್ದು.
ಇದಕ್ಕಿಂತ ಹಳೆಯ ಮುನ್ನೆಚ್ಚರಿಕೆ ನನ್ನ ಪಾಠದಲ್ಲಿಲ್ಲ.

ಕೊನೆಗೆ ಸಹಿ.
'ಬೋಧಿಸಲಾಯಿತು, ನನಗೆ ಅರ್ಥವಾಗಿದೆ.'
ಕೈಗವಸು ಕಳಚಿ, ಮಸಿಬೆರಳು ಒರೆಸಿಕೊಂಡು
ಮೂವತ್ತೊಂದು ಜನ ಮೂವತ್ತೊಂದು ಗೀಚು.
ದುರ್ಸುನ್ ಕೇಳಿದ, 'ಅಕ್ಕಾ,
ಇದು ನನ್ನನ್ನು ಕಾಯೋದಕ್ಕಾ, ನನ್ನಿಂದ ಕಾಯೋದಕ್ಕಾ?'
ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ.

ನನಗೊಂದು ಪುಸ್ತಕವಿದೆ, ನೋಟರಿಯ ಮುದ್ರೆ ಬಿದ್ದದ್ದು,
ಪುಟಕ್ಕೆ ಪುಟ ನಂಬರು.
ಕಂಡದ್ದನ್ನು ಕಾರ್ಬನ್ ಇಟ್ಟು ಒತ್ತಿ ಬರೆಯಬೇಕು.
ಒಂದು ಪ್ರತಿ ಮಾಲೀಕರಿಗೆ, ಒಂದು ನನಗೆ,
ಮೂರನೆಯದು ಹೊಲಿಗೆಯಲ್ಲೇ ಉಳಿಯುತ್ತದೆ.
ಬರೆದರೆ ತಪ್ಪು ಅವರದು,
ಬರೆಯದಿದ್ದರೆ ನನ್ನದು.
ನನ್ನ ಸಂಬಳ ಯಾರು ಕೊಡುತ್ತಾರೆಂದು ಕೇಳಬೇಡಿ.

ಮಂಗಳವಾರ ಬರೆದೆ:
'ನಾಲ್ಕನೇ ತೊಟ್ಟಿಯ ಫ್ಯಾನು ಕೆಟ್ಟಿದೆ. ಯಾರನ್ನೂ ಇಳಿಸತಕ್ಕದ್ದಲ್ಲ.'
ನೆಜ್ಮೆತ್ತಿನ್ ಬೇ ಚಹಾ ತರಿಸಿದರು,
ಸೊಂಟ ಸಣ್ಣದಾದ ಆ ಪುಟ್ಟ ಗ್ಲಾಸಿನಲ್ಲಿ.
ಸಕ್ಕರೆ ಕದಡುತ್ತ, ಮೆಲ್ಲಗೆ,
'ನುರ್‌ಜಿಹಾನ್ ಹಾನಿಮ್, ಫ್ಯಾನು ಶುಕ್ರವಾರ ಬರುತ್ತೆ.
ಇನ್ಸ್‌ಪೆಕ್ಟರು ಈ ಹಾಳೆ ನೋಡಿದರೆ ಯಾರ್ಡು ಮುಚ್ಚಿಸುತ್ತಾನೆ,
ಮೂವತ್ತೊಂದು ಒಲೆ ಆರುತ್ತೆ. ನೀವೇ ಹೇಳಿ.'
ಚಹಾ ಚೆನ್ನಾಗಿತ್ತು.
ಹರಿದೆ. ಎರಡು ಪ್ರತಿ.

ಗುರುವಾರ ಎಕ್ರೆಮ್ ಇಳಿದ, ಮೇಲೆ ಬರಲಿಲ್ಲ.
ದುರ್ಸುನ್ ಕೂಗಿದನಂತೆ, ಒಂದೇ ಸಲ,
ಆಮೇಲೆ ತಾನೇ ಇಳಿದನಂತೆ.

ಇಜ್ಮಿರಿನ ಕೋರ್ಟಿನಲ್ಲಿ ಕಂಪನಿಯ ವಕೀಲ
ಆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ,
ಒಣಗಿದ ಮೀನು ತೋರಿಸುವವನ ಹಾಗೆ.
'ಬಿದ್ದವನ ಹಿಂದೆ ಇಳಿಯಬಾರದೆಂದು
ಇವನಿಗೆ ಕಲಿಸಲಾಗಿತ್ತು. ಸಹಿ ಇವನದೇ ಅಲ್ಲವೇ?'

ದುರ್ಸುನ್ ಎದ್ದು ನಿಂತ. ಹೆಸರು ಅವನನ್ನು ಉಳಿಸಿತ್ತು,
ಅರ್ಧ.
ಮಾತು ಈಗ ದೂರದ ಬಾವಿಯಿಂದ ಸೇದಿ ತರಬೇಕು.
ಎಡಗೈಯಿಂದ ಬಲಗೈ ಹಿಡಿದುಕೊಂಡು, ತಡೆತಡೆದು,
'ನನ್ನದೇ' ಎಂದ.
ಆಮೇಲೆ ನನ್ನ ಕಡೆ ತಿರುಗಿ, ನನಗೇ ಏನೋ ಆಗಿದೆಯೆಂಬಂತೆ,
'ಅಕ್ಕ ಚೆನ್ನಾಗಿ ಹೇಳಿಕೊಟ್ಟಿದ್ದರು. ನಾನೇ ಮರೆತೆ.'

ಗುಮಾಸ್ತ ಬೆರಳಚ್ಚು ಮಾಡಿಕೊಂಡ. ವಕೀಲ ಕೂತ.
ಎಕ್ರೆಮನ ಹೆಂಡತಿ ಮಾತ್ರ ನನ್ನ ಚೀಲ ನೋಡುತ್ತಿದ್ದಳು.

ಎದ್ದೆ. ಕಾಲು ನನ್ನವೇ ಎಂದು ಖಾತ್ರಿಯಿರಲಿಲ್ಲ.
ನಲವತ್ತೇಳನೇ ಪುಟ, ಸ್ವಾಮಿ.
ಅಕ್ಷರ ತೆಳು, ನೀಲಿಯೂ ಮಾಸಿದೆ,
ಮೇಲಿನ ಎರಡು ಹಾಳೆ ಹರಿದ ಅಂಚು ನನ್ನ ಕೈಯದು.
ಇಲ್ಲಿ ಕಾಣುವುದಿಲ್ಲ,
ಕಿಟಕಿಯ ಹತ್ತಿರ ಹಿಡಿದು ಓದಿ.